ಮಳೆಗೆ ಮುಂಚಿನ ಬಿಳಿ ಹೊಗೆ

ಮೇ ತಿಂಗಳ ನಡುವಿನಲ್ಲಿ ಸುರತ್ಕಲ್ಲಿನಿಂದ ಬೈಕಂಪಾಡಿಯ ಕಡೆಗೆ ಬಂದರೆ ಹೆದ್ದಾರಿಯ ಎರಡೂ ಬದಿಯಲ್ಲಿ ಗ್ರೈಂಡರುಗಳ ಕಿರುಚಾಟ. ಮಳೆಗಾಲಕ್ಕೆ ಮುಂಚೆ ಮೇಳಗಳ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಹತ್ತಿರ ಬಂತು. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ ಹೊತ್ತಿಗೆ ತಾರಸಿಯ ಮೇಲೆ ಶೀಟು ಕೂತಿರಬೇಕು ಎಂಬುದು ಇಲ್ಲಿನ ಮನೆಮನೆಯ ಅವಸರ. ಊರೆಲ್ಲ ಹಂಚಿನ ಮಾಡು ಇಳಿಸಿ ತಾರಸಿ ಹಾಕಿಸಿತು. ನಾಲ್ಕು ಮಳೆಗಾಲ ಕಂಡ ಮೇಲೆ ಆ ತಾರಸಿಗೇ ಒಂದು ಮಾಡು ಬೇಕೆಂದು ಗೊತ್ತಾಯಿತು. ಅದನ್ನು ಹೊರುವ ಕಂಬ, ತೊಲೆ, ಪಟ್ಟಿ ಎಲ್ಲವೂ ಈಗ ಕಬ್ಬಿಣದವು. ಬರಿ ಕಬ್ಬಿಣವನ್ನು ಇಲ್ಲಿನ ಉಪ್ಪುಗಾಳಿ ಬದುಕಗೊಡುವುದಿಲ್ಲ. ಹಾಗಾಗಿ ಮೈಮೇಲೆ ಸತು ಹೊದ್ದ ಜಿ.ಐ. ಪೈಪು.

ರಸ್ತೆಗೆ ತಾಗಿದ ಒಂದು ಶೆಡ್ಡು. ಮೂರು ಬದಿಗೆ ಗೋಡೆ, ಎದುರು ಮಾತ್ರ ತೆರೆದದ್ದು. ನೆಲದ ಮೇಲೆ ಚೌಕ ಪೈಪುಗಳನ್ನು ಹರಡಿ ಟ್ರಸ್ ಜೋಡಿಸುತ್ತಿದ್ದಾರೆ. ಒಬ್ಬ ಅಳತೆ ಹಿಡಿದು ಕತ್ತರಿಸುತ್ತಾನೆ, ಒಬ್ಬ ಮೂಲೆಮಟ್ಟ ನೋಡಿ ಒತ್ತಿ ಹಿಡಿಯುತ್ತಾನೆ, ಇನ್ನೊಬ್ಬ ಬೆಸೆಯುತ್ತಾನೆ. ಬೆಸೆಯುವವನು ಹುನಗುಂದದ ಕಡೆಯ ಹುಡುಗ. ಬಸವ ಜಯಂತಿಗೆಂದು ಊರಿಗೆ ಹೋದವನು ರಜೆ ಮುಗಿಸಿ ನಿನ್ನೆಯಷ್ಟೇ ಬಂದಿದ್ದಾನೆ. ಕುಕ್ಕರಗಾಲಲ್ಲಿ ಕೂತು, ಎಡಗೈಯಲ್ಲಿ ಕಪ್ಪು ಗಾಜಿನ ಶೀಲ್ಡು ಹಿಡಿದು, ಬಲಗೈಯ ಹೋಲ್ಡರಿನ ರಾಡನ್ನು ಪೈಪಿಗೆ ಮುಟ್ಟಿಸಿದ. ಚಿರ್ರೆಂದು ಬೆಳಕು ಹೊಮ್ಮಿತು. ಅದರ ಹಿಂದೆಯೇ ಹೊಗೆ.

ಈ ಹೊಗೆ ಬರಿ ಕಬ್ಬಿಣ ಬೆಸೆಯುವಾಗ ಏಳುವ ಬೂದು ಹೊಗೆಯಲ್ಲ. ದಟ್ಟ ಬಿಳಿ. ಬೆಸುಗೆಯ ಅಂಚಿನಲ್ಲಿ ಕ್ಷಣಕಾಲ ಹಸಿರು ಛಾಯೆಯ ಉರಿ ಕಾಣಿಸಿ ಮಾಯವಾಗುತ್ತದೆ. ಹೊಗೆ ನೇರ ಮೇಲಕ್ಕೆ ಎದ್ದು, ಬಾಗಿದ ಹುಡುಗನ ಗದ್ದಕ್ಕೆ ಬಡಿದು, ಶೀಲ್ಡಿನ ಒಳಬದಿಗೆ ನುಗ್ಗಿ, ಹಣೆಯ ಮೇಲಿಂದ ಹೊರಗೆ ಬರುತ್ತದೆ. ರಾಡು ಎತ್ತಿದ ಮೇಲೆ ನೋಡಿದರೆ ಬೆಸುಗೆಯ ಎರಡೂ ಪಕ್ಕ ಹಳದಿ ಪುಡಿ. ತಣ್ಣಗಾಗುತ್ತಿದ್ದಂತೆ ಕಣ್ಣೆದುರೇ ಅದು ಬೆಳ್ಳಗಾಗುತ್ತದೆ. ಗಾಳಿಯಲ್ಲಿ ಬಿಳಿ ಎಳೆಗಳು ಅರಳೆಯ ತುಣುಕಿನ ಹಾಗೆ ತೇಲಿ ಅವನ ತಲೆಗೂದಲ ಮೇಲೆ ಕೂರುತ್ತವೆ. ಯುರೋಪಿನ ಹಳೆಯ ರಸವಾದಿಗಳು ಇದಕ್ಕೆ ದಾರ್ಶನಿಕರ ಉಣ್ಣೆ ಎಂದು ಹೆಸರಿಟ್ಟಿದ್ದರು. ಅವರಿಗೆ ಅದು ವಿಸ್ಮಯದ ವಸ್ತು. ಇವನು ಮೂಗಿಗೆ ಟವೆಲ್ ಬಿಗಿದುಕೊಂಡಿದ್ದಾನೆ, ಅಷ್ಟೇ.

“ಬಾಯಾಗ ಸಿಹಿ ಸಿಹಿ ಬರತೈತ್ರಿ ಸರ. ಚಾ ಕುಡದ್ರೂ ಹಂಗ, ಬೀಡಿ ಸೇದಿದ್ರೂ ಹಂಗ,” ಎಂದ, ಸ್ಲ್ಯಾಗ್ ಕೆರೆಯುತ್ತ.

ಯಜಮಾನರು ಕುರ್ಚಿಯಿಂದಲೇ ಸಮಾಧಾನ ಹೇಳಿದರು: “ಎಂತ ಆಗುದಿಲ್ಲ ಮಾರಾಯ್ರೆ. ಸಂಜೆಗೆ ಹಾಲು ಕೊಡಿಸ್ತೇನೆ, ಬೆಲ್ಲ ಉಂಟು. ಆದರೆ ಇವನದ್ದೊಂದು ಉಂಟು ನೋಡಿ. ಊರಿಗೆ ಹೋಗಿ ಬಂದ ಮರುದಿನ ಜ್ವರ ಅಂತ ಮಲಗ್ತಾನೆ. ಕೆಲಸಗಳ್ಳ ಅಂತಲೇ ಎಣಿಸಿದ್ದೆ ನಾನು.”

ಹೋದ ವರ್ಷದ ಆ ಜ್ವರವನ್ನು ಹುಡುಗ ವಿವರಿಸಿದ. ಇಡೀ ಹಗಲು ಬೆಸೆದಿದ್ದಾನೆ, ಏನೂ ಇಲ್ಲ. ಸ್ನಾನ ಮಾಡಿ ಉಂಡಿದ್ದಾನೆ. ರಾತ್ರಿ ಹತ್ತರ ಹೊತ್ತಿಗೆ ಗಂಟಲು ಒಣಗಿ ನೀರಡಿಕೆ. ಆಮೇಲೆ ಚಳಿ. ಮಂಗಳೂರಿನ ಮೇ ತಿಂಗಳ ಸೆಕೆಯಲ್ಲಿ ಉಳಿದವರು ಅಂಗಿ ಕಳಚಿ ಫ್ಯಾನಿನ ಕೆಳಗೆ ಹೊರಳಾಡುತ್ತಿದ್ದರೆ, ಇವನು ಎರಡು ಕಂಬಳಿ ಹೊದ್ದು ಹಲ್ಲು ಕಟಕಟಿಸುತ್ತಿದ್ದಾನೆ. ಮೈಕೈ ನೋವು, ತಲೆನೋವು, ಒಣಕೆಮ್ಮು, ಬೆಳಗಿನ ಜಾವಕ್ಕೆ ಮೈ ತೊಯ್ಯುವಷ್ಟು ಬೆವರು. ಚಳಿ ಬಿಟ್ಟು ಜ್ವರ, ಜ್ವರ ಬಿಟ್ಟು ಬೆವರು ಎಂದರೆ ಮಂಗಳೂರಿನಲ್ಲಿ ಯಾರಿಗೇ ಆದರೂ ಮೊದಲು ನೆನಪಾಗುವುದು ಮಲೇರಿಯಾ. ರಕ್ತ ತೆಗೆಸಿದ್ದಾನೆ. ಮಲೇರಿಯಾ ಇಲ್ಲ. ಹಾಗಾದರೆ ವೈರಲ್ ಎಂದು ಮಾತ್ರೆ ಕೊಟ್ಟು ಕಳಿಸಿದ್ದಾರೆ. ಮಾತ್ರೆ ಮುಗಿಯುವ ಮೊದಲೇ ಜ್ವರ ಬಿಟ್ಟಿದೆ. ಎರಡು ದಿನದ ಕೂಲಿ ಹೋಯಿತು, ಕೆಲಸಗಳ್ಳನೆಂಬ ಹೆಸರು ಬಂತು.

ಕೆಲಸಗಳ್ಳತನವೂ ಅಲ್ಲ, ವೈರಲ್ಲೂ ಅಲ್ಲ. ಇದು ಲೋಹದ ಹೊಗೆಯ ಜ್ವರ. ಇದಕ್ಕೆ ಇನ್ನೂರು ವರ್ಷಗಳ ದಾಖಲೆ ಇದೆ. ಲೀಡ್ಸ್ ನಗರದ ವೈದ್ಯ ಚಾರ್ಲ್ಸ್ ಟರ್ನರ್ ಥ್ಯಾಕ್ರಾ 1831ರಲ್ಲಿ ಕಸುಬುಗಳ ಕಾಯಿಲೆಗಳ ಬಗ್ಗೆ ಬರೆದಾಗ ಹಿತ್ತಾಳೆ ಎರಕದವರನ್ನು ಕಾಡುವ ಈ ಚಳಿಜ್ವರವನ್ನೂ ಗುರುತಿಸಿದ. ಹಿತ್ತಾಳೆಯಲ್ಲಿ ತಾಮ್ರದ ಜೊತೆ ಇರುವುದು ಸತುವೇ. ಫ್ರಾನ್ಸಿನ ಸೊರೆಲ್ 1837ರಲ್ಲಿ ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದುವ ವಿಧಾನಕ್ಕೆ ಪೇಟೆಂಟ್ ಪಡೆದ. ಆ ಪೈಪು, ಆ ತಗಡು ಲೋಕವನ್ನೆಲ್ಲ ಸುತ್ತಿದವು. ಎರಕದ ಮನೆಯ ಜ್ವರವೂ ಅವುಗಳ ಜೊತೆ ಹೊರಟು ಬೆಸುಗೆಯ ಶೆಡ್ಡಿಗೆ ಬಂತು.

ಒಳಗೆ ನಡೆಯುವುದು ಇಷ್ಟು. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, 907 ಡಿಗ್ರಿಗೆ ಕುದಿದು ಆವಿಯಾಗುತ್ತದೆ. ಉಕ್ಕು ಕರಗಲು 1,400 ಡಿಗ್ರಿಯ ಆಚೆಗೆ ಹೋಗಬೇಕು. ಎಂದರೆ ಕಬ್ಬಿಣ ಕಬ್ಬಿಣಕ್ಕೆ ಅಂಟುವ ಮುನ್ನವೇ ಮೇಲಿನ ಸತು ಕುದಿದು ಹಾರಿರುತ್ತದೆ. ಹೊದಿಕೆಯನ್ನು ಅಳೆಯುವುದು ಮಿಲಿಮೀಟರಿನ ನೂರನೇ ಭಾಗಗಳಲ್ಲಿ. ಆದರೂ ಮುಖವನ್ನು ಮುಚ್ಚುವಷ್ಟು ಹೊಗೆಗೆ ಅದು ಸಾಕು. ಆವಿ ಗಾಳಿಯ ಆಮ್ಲಜನಕಕ್ಕೆ ಸೇರಿ ಸತುವಿನ ಆಕ್ಸೈಡ್ ಆಗುತ್ತದೆ. ಅದರ ಕಣಗಳು ಒಂದು ಮೈಕ್ರಾನಿಗಿಂತ ಸಣ್ಣವು. ಮೂಗಿನ ಕೂದಲಿಗೂ ಸಿಗುವುದಿಲ್ಲ, ಟವೆಲ್ಲಿಗಂತೂ ಇಲ್ಲವೇ ಇಲ್ಲ. ನೇರ ಶ್ವಾಸಕೋಶದ ಕೊನೆಯ ಗಾಳಿಚೀಲಕ್ಕೆ ಇಳಿಯುತ್ತವೆ.

ಅಲ್ಲಿ ಏನಾಗುತ್ತದೆಂದು ಕ್ಯಾಲಿಫೋರ್ನಿಯಾದ ವೈದ್ಯ ಪಾಲ್ ಬ್ಲಾಂಕ್ ಮತ್ತು ಸಂಗಡಿಗರು 1990ರ ದಶಕದ ಆರಂಭದಲ್ಲಿ ನೋಡಿದರು. ವೆಲ್ಡರುಗಳಿಂದ ಸತು ಹೊದ್ದ ಉಕ್ಕನ್ನೇ ಬೆಸೆಸಿ, ಕೆಲವು ಗಂಟೆಗಳ ಅಂತರದಲ್ಲಿ ಅವರ ಶ್ವಾಸಕೋಶ ತೊಳೆದ ದ್ರವವನ್ನು ಪರೀಕ್ಷಿಸಿದರು. ಸೋಂಕು ತಗುಲಿದಾಗ ದೇಹ ಸುರಿಸುವ ಜ್ವರಕಾರಕ ರಾಸಾಯನಿಕಗಳು ಅದರಲ್ಲಿ ಹೆಚ್ಚಿದ್ದವು, ಬಿಳಿ ರಕ್ತಕಣಗಳು ಹಿಂಡಾಗಿ ಬಂದಿದ್ದವು. ಕ್ರಿಮಿ ಇಲ್ಲದಿದ್ದರೂ ಕ್ರಿಮಿ ನುಗ್ಗಿದೆಯೆಂದು ದೇಹ ಯುದ್ಧ ಹೂಡುತ್ತದೆ. ಆ ಯುದ್ಧ ಕಾವೇರಲು ನಾಲ್ಕರಿಂದ ಹತ್ತು ಗಂಟೆ ಬೇಕು. ಈ ನಡುವಿನ ಹೊತ್ತೇ ಹೊಗೆಯನ್ನು ನಿರಪರಾಧಿಯಾಗಿ ಬಿಡಿಸಿಬಿಡುತ್ತದೆ. ಮಧ್ಯಾಹ್ನ ಉಸಿರಾಡಿದ್ದಕ್ಕೆ ನಡುರಾತ್ರಿ ಚಳಿ ಬಂದರೆ, ಸಂಜೆ ತಿಂದ ಗೋಬಿಯ ಮೇಲೆ ಅನುಮಾನ ಬರುತ್ತದೆಯೇ ಹೊರತು ಪೈಪಿನ ಮೇಲಲ್ಲ.

ರಜೆಯ ಕಥೆ ಇನ್ನೂ ವಿಚಿತ್ರ. ದಿನವೂ ಈ ಹೊಗೆ ಕುಡಿದವನಿಗೆ ಒಂದೆರಡು ದಿನದಲ್ಲಿ ಮೈ ಒಗ್ಗಿಬಿಡುತ್ತದೆ, ಜ್ವರ ಬರುವುದಿಲ್ಲ. ಒಂದು ಭಾನುವಾರ ಬಿಟ್ಟರೆ ಆ ಒಗ್ಗಿಕೆ ಹೋಗುತ್ತದೆ. ಪಶ್ಚಿಮದ ಕಾರ್ಖಾನೆಗಳಲ್ಲಿ ಇದನ್ನು ಸೋಮವಾರದ ಜ್ವರ ಎಂದೇ ಕರೆದರು. ನಮ್ಮ ಹುಡುಗನಿಗೆ ಅದು ಬಸವ ಜಯಂತಿಯ ಮರುದಿನದ ಜ್ವರ. ವಾರದ ಉಳಿದ ದಿನ ಜ್ವರ ಬಾರದ್ದನ್ನೇ ಹಿಡಿದುಕೊಂಡು “ಹೊಗೆ ಎಂತ ಮಾಡುದಿಲ್ಲ” ಎಂಬ ತೀರ್ಮಾನವೂ ಆಗುತ್ತದೆ. ಹಾಲು ಕುಡಿದ ದಿನ ಜ್ವರ ಬರಲಿಲ್ಲವಾದರೆ ಹೆಸರು ಹಾಲಿಗೆ. ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ; ಅವೆರಡೂ ಎಲ್ಲಿಯೂ ಭೇಟಿಯಾಗುವುದಿಲ್ಲ. ಹಾಲು ಬೇಡ ಎನ್ನುತ್ತಿಲ್ಲ, ಕುಡಿಯಲಿ. ಅದನ್ನು ಕೊಟ್ಟು ಯಜಮಾನ ತನ್ನ ಕರ್ತವ್ಯ ಮುಗಿಯಿತೆಂದುಕೊಳ್ಳುವುದೇ ತೊಂದರೆ.

ಕುದಿದು ಹಾರಿಹೋಗುವ ಸತುವಿನ ಈ ಗುಣ ನಮ್ಮ ದೇಶದವರಿಗೆ ಹೊಸತೇನಲ್ಲ. ರಾಜಸ್ಥಾನದ ಜಾವರ್‌ನಲ್ಲಿ ಏಳೆಂಟು ಶತಮಾನಗಳ ಹಿಂದೆಯೇ ಮಣ್ಣಿನ ಮೂಸೆಗಳನ್ನು ತಲೆಕೆಳಗಾಗಿ ಕುಲುಮೆಗೆ ಇಳಿಸಿ, ಆವಿ ಗಾಳಿಗೆ ಸೇರದಂತೆ ಕೆಳಗಿನ ತಂಪಿನಲ್ಲಿ ಹನಿಯಾಗಿಸಿ ಸತು ತೆಗೆಯುತ್ತಿದ್ದರು. ಬ್ರಿಸ್ಟಲಿನ ವಿಲಿಯಂ ಚಾಂಪಿಯನ್ ಅಂಥದೇ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ. ನಮ್ಮ ಬೀದರಿನ ಬಿದ್ರಿ ಪಾತ್ರೆಯಲ್ಲೂ ಹೆಚ್ಚಿನ ಪಾಲು ಸತುವೇ. ಜಾವರ್‌ನವರು ಆವಿಯನ್ನು ಹಿಡಿದಿಡುವುದನ್ನು ವಿದ್ಯೆಯಾಗಿ ಬೆಳೆಸಿದರು. ನಾವು ಅದನ್ನು ಹುಡುಗನ ಮೂಗಿಗೆ ಬಿಡುತ್ತಿದ್ದೇವೆ.

ಈ ಹೊಗೆ ಏಳುವುದು ಬೆಸುಗೆಯ ಶೆಡ್ಡಿನಲ್ಲಿ ಮಾತ್ರವಲ್ಲ. ಗುಜರಿಯ ಜಿ.ಐ. ಪೈಪನ್ನು ಬಗ್ಗಿಸಲೆಂದು ಬ್ಲೋವರ್ ಹಾಕಿದ ಕುಲುಮೆಗೆ ತಳ್ಳುವವರಿದ್ದಾರೆ. ಆ ಕಾವಿಗೆ 907 ಡಿಗ್ರಿ ದೊಡ್ಡ ಮಾತಲ್ಲ. ಮುಚ್ಚಿದ ಕೋಣೆಯಾದರೆ ಅಪಾಯ ಇನ್ನೂ ಹೆಚ್ಚು. ತೂತಾದ ಜಿ.ಐ. ಬಕೆಟ್ಟನ್ನು ಇದ್ದಿಲ ಒಲೆ ಮಾಡಿಕೊಳ್ಳುವುದೂ ಜಾಣತನವಲ್ಲ.

ಜ್ವರವೇನೋ ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ. ಹೆದರಬೇಕಾದದ್ದು, ಇದೇ ಜ್ವರದ ವೇಷದಲ್ಲಿ ಬರುವ ಬೇರೆಯದಕ್ಕೆ. 1960ರ ದಶಕದಲ್ಲಿ ಬ್ರಿಟನ್ನಿನ ಸೆವರ್ನ್ ತೂಗುಸೇತುವೆ ಕಟ್ಟುವಾಗ ಐವರು ಕೆಲಸಗಾರರು ಗೋಪುರದ ಒಳಗೆ ಬೋಲ್ಟುಗಳನ್ನು ಗ್ಯಾಸ್ ಕಟರಿನಿಂದ ಕತ್ತರಿಸಿದರು. ಬೋಲ್ಟುಗಳಿಗೆ ಇದ್ದ ಲೇಪ ಕ್ಯಾಡ್ಮಿಯಂ. ಕೆಲಸದ ಹೊತ್ತಿನಲ್ಲಿ ದೊಡ್ಡ ತೊಂದರೆ ಕಾಣಲಿಲ್ಲ, ಆಮೇಲೆ ಐವರೂ ಹಾಸಿಗೆ ಹಿಡಿದರು, ಒಬ್ಬ ಸತ್ತ. ಕ್ಯಾಡ್ಮಿಯಂ ಶ್ವಾಸಕೋಶವನ್ನೇ ಸುಡುತ್ತದೆ, ಮೂತ್ರಪಿಂಡವನ್ನು ಕೆಡಿಸುತ್ತದೆ. ಹಳೆಯ ಯಂತ್ರಗಳ ಹೊಂಬಣ್ಣದ ಬೋಲ್ಟಿಗೆ ಬೆಂಕಿ ಹಿಡಿಯುವ ಮುನ್ನ ಎರಡು ಸಲ ಯೋಚಿಸಬೇಕು. ಜ್ವರದ ಜೊತೆ ಉಸಿರು ಕಟ್ಟಿದರೆ, ಎದೆ ಬಿಗಿದರೆ, ಎರಡು ದಿನ ಕಳೆದರೂ ಇಳಿಯದಿದ್ದರೆ ಅದು ಸತುವಿನ ಸಾಧಾರಣ ಜ್ವರವಲ್ಲ, ಆಸ್ಪತ್ರೆಗೆ ಓಡಬೇಕು. ಇನ್ನು ವೆಲ್ಡಿಂಗ್ ಹೊಗೆಯನ್ನೇ, ಅದು ಯಾವ ಲೋಹದ್ದಾಗಿರಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ.

ಕಾನೂನು ಸುಮ್ಮನಿರಲಿಲ್ಲ. 1948ರ ಕಾರ್ಖಾನೆ ಕಾಯ್ದೆಯ ಅನುಸೂಚಿ ಘನಮೀಟರ್ ಗಾಳಿಯಲ್ಲಿ ಸತುವಿನ ಆಕ್ಸೈಡ್ ಹೊಗೆ 5 ಮಿಲಿಗ್ರಾಂ ಮೀರಬಾರದೆಂದು ಗೆರೆ ಎಳೆದಿತ್ತು. ಆದರೆ ಮೂರು ಜನರ ಶೆಡ್ಡು ಆ ಕಾಯ್ದೆಯ ಲೆಕ್ಕಕ್ಕೆ ಬರುವ ಕಾರ್ಖಾನೆಯೇ ಆಗಿರಲಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ದುಬಾರಿ ಯಂತ್ರವೇನೂ ಬೇಡ. ಗ್ರೈಂಡರ್ ಆ ಹುಡುಗನ ಕಾಲ ಬುಡದಲ್ಲೇ ಬಿದ್ದಿದೆ. ಬೆಸೆಯುವ ಜಾಗದ ಎರಡೂ ಬದಿಗೆ ಎರಡೆರಡು ಇಂಚು ಸತು ಉಜ್ಜಿ ತೆಗೆದರೆ ಹೊಗೆಯ ಮುಕ್ಕಾಲು ಕಥೆ ಅಲ್ಲೇ ಮುಗಿಯಿತು. ಉಜ್ಜುವಾಗಲೂ ಮಾಸ್ಕು ಕನ್ನಡಕ ಇರಲಿ. ಶೆಡ್ಡಿನ ಒಳಗೆ ಬೇಡ, ಅಂಗಳಕ್ಕೆ ಬರಲಿ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಪಡುವಣದಿಂದ ಬೀಸುತ್ತದೆ; ಅದು ಬದಿಯಿಂದ ಹಾಯುವಂತೆ ಕೂತುಕೊಳ್ಳಬೇಕು. ಬೆನ್ನಿಗೆ ಗಾಳಿ ಕೊಟ್ಟು ಕೂತರೆ ಹೊಗೆ ಎದೆಯ ಮುಂದೆಯೇ ಸುಳಿದು ಮತ್ತೆ ಮುಖಕ್ಕೆ ಬರುತ್ತದೆ. ತಲೆಯನ್ನು ಹೊಗೆಯ ದಾರಿಯಿಂದ ಹೊರಗಿಡಬೇಕು. ಟವೆಲ್ಲಿನ ಬದಲು ಎನ್-95, ಅದಕ್ಕಿಂತ ಒಳ್ಳೆಯದು ಲೋಹದ ಹೊಗೆಗೆಂದೇ ಇರುವ ಫಿಲ್ಟರ್ ಮಾಸ್ಕು.

ಇಷ್ಟು ಹೇಳಿದ್ದಕ್ಕೆ ಯಜಮಾನರು ನಕ್ಕರು. “ಹೇಳುದು ಸರಿಯೇ. ಒಂದು ಟ್ರಸ್ಸಿಗೆ ಎಷ್ಟು ಜಾಯಿಂಟು ಉಂಟು ಎಣಿಸಿ. ಎಲ್ಲ ಉಜ್ಜಿಸಿ ಕೂತರೆ ದಿನ ಹೋಗ್ತದೆ. ಪಾರ್ಟಿಯವರು ಚದರಡಿಗೆ ಐದು ರೂಪಾಯಿ ಹೆಚ್ಚು ಹೇಳಿದರೆ ಪಕ್ಕದ ಶೆಡ್ಡಿಗೆ ಹೋಗ್ತಾರೆ.” ಈ ಮಾತನ್ನು ತಳ್ಳಿಹಾಕುವಂತಿಲ್ಲ. ಹುಡುಗನ ಮುಖಕ್ಕೆ ಏರುವ ಹೊಗೆಯ ಒಂದು ತುದಿ ಬೈಕಂಪಾಡಿಯಲ್ಲಿದ್ದರೆ ಇನ್ನೊಂದು ತುದಿ ದರ ಚೌಕಾಸಿ ಮಾಡುವ ನಮ್ಮ ಜಗಲಿಯಲ್ಲಿದೆ. ಆ ಚೌಕಾಸಿಯಲ್ಲಿ ನಮಗೂ ಲಾಭವಿಲ್ಲ. ಸತುವಿನ ಮೇಲೇ ಬೆಸೆದ ಜಾಗದಲ್ಲಿ ಆವಿ ಸಿಕ್ಕಿಕೊಂಡು ಸಣ್ಣ ತೂತುಗಳಾಗುತ್ತವೆ, ಸುತ್ತಲಿನ ಹೊದಿಕೆ ಸುಟ್ಟಿರುತ್ತದೆ, ಮೊದಲ ಮಳೆಗಾಲದ ತುಕ್ಕು ಅಲ್ಲಿಂದಲೇ ಶುರು.

ಈ ಭಾಗದ ವೈದ್ಯರಲ್ಲಿ ಒಂದು ಕೋರಿಕೆ: ರಾತ್ರಿ ಚಳಿಜ್ವರವಿತ್ತೆಂದು ಬಂದ ಕೂಲಿಯವನ ರಕ್ತಪರೀಕ್ಷೆಗೆ ಬರೆದುಕೊಡುವಾಗ, ನಿನ್ನೆ ಯಾವ ಪೈಪು ಬೆಸೆದೆ ಎಂದೂ ಒಂದು ಮಾತು ಕೇಳಿ. ಶೀಟು ಹಾಕಿಸುವವರೇ, ದರ ಮಾತಾಡುವಾಗ ಜಾಯಿಂಟು ಉಜ್ಜುವ ಕೂಲಿಯನ್ನೂ ಸೇರಿಸಿ ಕೊಡಿ, ಬೆಸೆದ ಮೇಲೆ ಅಲ್ಲಿ ಜಿಂಕ್ ಪೇಂಟು ಬಳಿಸಿಕೊಳ್ಳಿ. ಬೋಲ್ಟು ಸ್ಕ್ರೂಗಳಿಂದ ಆಗುವ ಜೋಡಣೆಗೆ ಬೆಸುಗೆಯನ್ನೇ ಕೇಳಬೇಡಿ.