ಎನ್‌ಪಿಟೆಲ್‌ಗೆ ಸೇರೋ ಮುಂಚೆ ಇದನ್ನ ನೋಡಿ

ಸ್ವಯಂ ಪೋರ್ಟಲ್‌ನಲ್ಲಿ ಎನ್‌ಪಿಟೆಲ್ ಆನ್‌ಲೈನ್ ಕೋರ್ಸ್‌ಗೆ ಸೇರೋದು ಫ್ರೀ. ಅದಕ್ಕೇ ಸೇರಿ ಮರೆತುಬಿಡೋರು ಜಾಸ್ತಿ.

ಮೊದಲು ಅಂಕದ ಲೆಕ್ಕ. ಅಸೈನ್‌ಮೆಂಟ್‌ಗೆ 25, ಕೊನೇ ಪರೀಕ್ಷೆಗೆ 75. ಸರ್ಟಿಫಿಕೇಟ್ ಬೇಕಂದ್ರೆ ಅಸೈನ್‌ಮೆಂಟಲ್ಲಿ 10, ಪರೀಕ್ಷೆಯಲ್ಲಿ 30, ಎರಡೂ ಬರಲೇಬೇಕು. 12 ವಾರದ ಕೋರ್ಸಲ್ಲಿ ಚೆನ್ನಾಗಿ ಬಂದ 8 ಅಸೈನ್‌ಮೆಂಟ್ ಮಾತ್ರ ಲೆಕ್ಕಕ್ಕೆ. ಅಂದ್ರೆ ಅಕ್ಕನ ಮದುವೆ, ಕಾಲೇಜಿನ ಇಂಟರ್ನಲ್ಸ್ ಅಂತ ನಾಲ್ಕು ವಾರ ಕೈಬಿಟ್ಟರೂ ನಡೆಯುತ್ತೆ. ಐದನೇದು ಬಿಟ್ರೆ ಸೊನ್ನೆ ಸೇರಿಕೊಳ್ಳುತ್ತೆ. ಪರೀಕ್ಷೆ ಮನೇಲಿ ಕೂತು ಬರೆಯೋದಲ್ಲ. ಅದಕ್ಕೆ ಬೇರೆ ನೋಂದಣಿ, ಬೇರೆ ಫೀಸು, ಸೆಂಟರ್‌ಗೇ ಹೋಗಬೇಕು.

ಈಗ ನಿಮ್ಮನ್ನ ನೀವೇ ಪರೀಕ್ಷೆ ಮಾಡ್ಕೊಳ್ಳಿ. ಹಳೇ ಕೋರ್ಸ್‌ಗಳ ಪಾಠ ಯೂಟ್ಯೂಬ್‌ನಲ್ಲೇ ಇದೆ. ನಿಮ್ಮ ವಿಷಯದ ಒಂದು ಲೆಕ್ಚರ್ ಹಾಕಿ, ರಾತ್ರಿ ಊಟ ಆದ್ಮೇಲೆ, ನೀವು ನಿಜವಾಗ್ಲೂ ಓದೋ ಹೊತ್ತಲ್ಲಿ. ನೋಟ್‌ಬುಕ್ ತಗೊಳ್ಳಿ, ವಾಟ್ಸಾಪ್ ಮುಚ್ಚಿ. ಮುಗಿದ ಮೇಲೆ ಮೇಷ್ಟ್ರು ಹೇಳಿದ್ದನ್ನ ಕನ್ನಡದಲ್ಲಿ ನಾಲ್ಕು ಸಾಲು ಬರೀರಿ. ಬರೆಯೋಕೆ ಬರ್ಲಿಲ್ವಾ? ಇಂಗ್ಲಿಷ್ ವೇಗ ಜಾಸ್ತಿ ಆಯ್ತಾ, ಗಣಿತದ ತಳಪಾಯ ಸಾಲದಾಯ್ತಾ, ಬರೀ ನಿದ್ದೆ ಬಂತಾ? ಮೂರಕ್ಕೂ ಮದ್ದು ಬೇರೆ ಬೇರೆ. ಇಂಗ್ಲಿಷ್ ಆದ್ರೆ ವೇಗ ಇಳಿಸಿ, ಸಬ್‌ಟೈಟಲ್ ಹಾಕಿ ನೋಡಿ. ತಳಪಾಯದ ಸಮಸ್ಯೆ ಇದ್ರೆ ಈ ಸೆಮಿಸ್ಟರ್ ಬಿಡಿ, ನಾಚಿಕೆ ಏನಿಲ್ಲ. ಬರೀ ನಿದ್ದೆ ಆದ್ರೆ ಓದೋ ಹೊತ್ತು ಬದಲಿಸಿ.

ಅಸೈನ್‌ಮೆಂಟ್ ಉತ್ತರಕ್ಕೆ ಟೆಲಿಗ್ರಾಂ ಗ್ರೂಪ್ ನೆಚ್ಚಿಕೊಂಡಿದ್ರೆ, ಪರೀಕ್ಷೆಯ ಆ 75 ಅಂಕಕ್ಕೆ ಟೆಲಿಗ್ರಾಂ ಬರಲ್ಲ ಸ್ವಾಮಿ.

ಕ್ರೆಡಿಟ್‌ಗೋಸ್ಕರ ಸೇರೋರಿಗೆ ಇನ್ನೊಂದು ಮಾತು. ಯುಜಿಸಿಯ 2021ರ ನಿಯಮದಲ್ಲಿ ಒಂದು ಸೆಮಿಸ್ಟರ್‌ನ ಶೇ 40ರಷ್ಟು ಕೋರ್ಸ್‌ವರೆಗೆ ಸ್ವಯಂನಲ್ಲಿ ಅವಕಾಶ ಇದೆ. ಆದ್ರೆ ನಿಮ್ಮ ವಿಭಾಗ ಯಾವ ಕೋರ್ಸ್ ಒಪ್ಪುತ್ತೆ ಅನ್ನೋದನ್ನ ಪರೀಕ್ಷಾ ಫೀಸು ಕಟ್ಟೋ ಮುಂಚೆಯೇ ಹೆಚ್‌ಒಡಿ ಹತ್ರ ಕೇಳ್ಕೊಳ್ಳಿ.