ಹಗಲು ಹನ್ನೊಂದಕ್ಕೆ ಆ ಬೀದಿ ಹೇಗಿರುತ್ತದೆ?

ವಿದೇಶದ ಕೆಲಸದ ಆಫರ್ ಲೆಟರ್ ಕೈಗೆ ಬಂದ ಸಂಜೆ ಮನೆಯಲ್ಲಿ ಮೊದಲು ತೆರೆಯುವುದು ಫೋನಿನ ನಕ್ಷೆ. ಕಂಪನಿಯ ಕಟ್ಟಡ ಎಲ್ಲಿದೆ ಎಂದು ನೋಡುತ್ತಾರೆ, ಅಲ್ಲಿಂದ ಅರ್ಧ ಗಂಟೆಯ ದೂರದೊಳಗೆ ಬಾಡಿಗೆ ಎಷ್ಟಿದೆ ಎಂದು ನೋಡುತ್ತಾರೆ. ಬೆಂಗಳೂರಿನ ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಆಯುಷ್ಯ ಸವೆಸಿದವರಿಗೆ ಇದು ಸಹಜವೇ. ಆದರೆ ಸಂಸಾರ ಸಮೇತ ಹೊರಟವರು ಈ ಲೆಕ್ಕವನ್ನು ಕಚೇರಿಯಿಂದ ಶುರು ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಲಸಕ್ಕೆ ಹೋಗುವವರಿಗೆ ಹೊಸ ದೇಶದಲ್ಲೂ ಮೊದಲ ದಿನದಿಂದಲೇ ಒಂದು ಮೇಜು, ನಾಲ್ಕು ಜನ ಸಹೋದ್ಯೋಗಿಗಳು, ಇಂಗ್ಲಿಷಿನಲ್ಲಿ ಮಾತು, ಮಧ್ಯಾಹ್ನಕ್ಕೆ ಕ್ಯಾಂಟೀನ್ ಸಿಗುತ್ತವೆ. ಮನೆಯಲ್ಲಿ ಉಳಿಯುವವರಿಗೆ ಸಿಗುವುದು ಆ ಬೀದಿ ಮಾತ್ರ. ಊರು ಆರಿಸಬೇಕಾದ್ದು ಅವರ ಹಗಲನ್ನು ನೋಡಿ.

ಜರ್ಮನಿಯನ್ನೇ ತೆಗೆದುಕೊಳ್ಳೋಣ. ಬಾಷ್, ಎಸ್‌ಎಪಿ, ಮರ್ಸಿಡಿಸ್ ಬೆಂಝ್, ಸೀಮೆನ್ಸ್ – ಬೆಂಗಳೂರಿನಲ್ಲಿ ದೊಡ್ಡ ಕಚೇರಿಗಳಿರುವ ಈ ಕಂಪನಿಗಳ ಬೇರು ಅಲ್ಲಿದೆ. 2024ರ ಅಕ್ಟೋಬರಿನಲ್ಲಿ ಜರ್ಮನಿ ಸರ್ಕಾರ ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಹೇಳಿತು. ಹೆಚ್ಚು ಓದಿದ ಕೆಲಸಗಾರರಿಗೆ ಕೊಡುವ ಬ್ಲೂ ಕಾರ್ಡ್ ಪರವಾನಗಿ ಪಡೆದು ಹೋದವರ ಗಂಡ ಅಥವಾ ಹೆಂಡತಿಗೆ ಜರ್ಮನ್ ಪರೀಕ್ಷೆಯ ಪ್ರಮಾಣಪತ್ರವಿಲ್ಲದೆಯೇ ವೀಸಾ ಸಿಗುತ್ತದೆ, ಹೋದ ಮೇಲೆ ಕೆಲಸ ಮಾಡುವ ಹಕ್ಕೂ ಸಿಗುತ್ತದೆ. ಮಕ್ಕಳಿಗೆ ಸರ್ಕಾರಿ ಶಾಲೆ ಉಚಿತ. ಮಗುವೊಂದಕ್ಕೆ ಸರ್ಕಾರ ಕೊಡುವ ಭತ್ಯೆ 2025ರಲ್ಲಿ ತಿಂಗಳಿಗೆ 255 ಯೂರೋ. ಇವೆಲ್ಲ ದೇಶದ ಯಾವ ಮೂಲೆಗೆ ಹೋದರೂ ಒಂದೇ, ಆದ್ದರಿಂದ ಊರು ಆರಿಸಲು ನೆರವಾಗುವುದಿಲ್ಲ. ಊರಿನಿಂದ ಊರಿಗೆ ಬದಲಾಗುವುದು ಬೇರೆಯೇ ಸಂಗತಿಗಳು.

ಮ್ಯೂನಿಕ್‌ನಲ್ಲಿ ಕೆಲಸ ಹೇರಳ, ಕನ್ನಡಿಗರ ಸಿರಿಗನ್ನಡಕೂಟವಿದೆ, ಬೆಂಗಳೂರಿಗೆ ನೇರ ವಿಮಾನವೂ ಇದೆ. ಆದರೆ ಬಾಡಿಗೆ ದೇಶದಲ್ಲೇ ಅತಿ ದುಬಾರಿ. ಬರ್ಲಿನ್‌ನಲ್ಲಿ 2018ರಿಂದ ಶಿಶುವಿಹಾರಕ್ಕೆ ಶುಲ್ಕವಿಲ್ಲ, ಊಟದ ಖರ್ಚಷ್ಟೆ. ಪ್ರಾಥಮಿಕ ಶಾಲೆ ಅಲ್ಲಿ ಆರನೇ ತರಗತಿಯವರೆಗೆ ನಡೆಯುತ್ತದೆ, ಬೇರೆ ಬಹುತೇಕ ರಾಜ್ಯಗಳಲ್ಲಿ ನಾಲ್ಕಕ್ಕೇ ಮುಗಿಯುತ್ತದೆ. ಎಂಟೊಂಬತ್ತು ವರ್ಷದ ಮಗುವನ್ನು ಕರೆದುಕೊಂಡು ಹೋಗುವವರಿಗೆ ಈ ಎರಡು ವರ್ಷ ಎಷ್ಟು ದೊಡ್ಡದೆಂದು ಮುಂದೆ ಹೇಳುತ್ತೇನೆ. ಕಂಪನಿ ಇರುವಲ್ಲಿಗೇ ಹೋಗಬೇಕಾದವರಿಗೆ ನಗರದ ಆಯ್ಕೆ ಇರುವುದಿಲ್ಲ, ನಿಜ. ಆಗಲೂ ಆ ನಗರದ ಸುತ್ತ ಹತ್ತಾರು ಊರುಗಳಿರುತ್ತವೆ. ನಿಜವಾದ ಆಯ್ಕೆ ಅಲ್ಲಿದೆ.

ಸ್ಟುಟ್‌ಗಾರ್ಟ್ ಕಡೆಯನ್ನು ನೋಡಿ. ಬಾಷ್‌ನ ಮುಖ್ಯ ಕಚೇರಿ ಪಕ್ಕದ ಗೆರ್ಲಿಂಗೆನ್‌ನಲ್ಲಿ, ಸಂಶೋಧನಾ ಕೇಂದ್ರ ರೆನ್ನಿಂಗೆನ್‌ನಲ್ಲಿ, ಮರ್ಸಿಡಿಸ್‌ನ ದೊಡ್ಡ ಕಾರ್ಖಾನೆ ಸಿಂಡೆಲ್‌ಫಿಂಗೆನ್‌ನಲ್ಲಿ. ಎಸ್-ಬಾನ್ ಎಂಬ ನಗರ ರೈಲು ರೆನ್ನಿಂಗೆನ್, ಸಿಂಡೆಲ್‌ಫಿಂಗೆನ್‌ಗಳಿಗೆ ಹೋಗುತ್ತದೆ. ದೇಶವಿಡೀ ಸ್ಥಳೀಯ ರೈಲು, ಬಸ್ಸು, ಟ್ರಾಮುಗಳಲ್ಲಿ ಓಡಾಡಲು ತಿಂಗಳ ಪಾಸ್ ಇದೆ. 2023ರಲ್ಲಿ 49 ಯೂರೋಗೆ ಶುರುವಾದದ್ದು 2025ರಲ್ಲಿ 58 ಆಯಿತು. ದುಡಿಯುವವರು ರೈಲಿನಲ್ಲಿ ಮುಕ್ಕಾಲು ಗಂಟೆ ಕುಳಿತರೆ ಕಳೆದುಕೊಳ್ಳುವುದು ಹೆಚ್ಚೇನಿಲ್ಲ, ಓದಬಹುದು, ನಿದ್ದೆಯನ್ನೂ ಮಾಡಬಹುದು. ಆ ಮುಕ್ಕಾಲು ಗಂಟೆ ಉಳಿಸಲೆಂದು ಕಾರ್ಖಾನೆಯ ಹತ್ತಿರ, ಬಸ್ಸು ಗಂಟೆಗೊಮ್ಮೆ ಬರುವ ಹಳ್ಳಿಯಲ್ಲಿ ಮನೆ ಹಿಡಿದರೆ, ಆ ಗಂಟೆಗೊಂದು ಬಸ್ಸಿಗೆ ಕಾಯುವವರು ಮನೆಯಲ್ಲಿ ಉಳಿದವರು. ಡಿಸೆಂಬರಿನಲ್ಲಿ ಅಲ್ಲಿ ಬೆಳಕಾಗುವುದು ಎಂಟು ಗಂಟೆಗೆ, ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಕೈಗೂಸು, ತಳ್ಳುಗಾಡಿ, ಜಡಿಮಳೆ, ಖಾಲಿ ಬಸ್‌ಸ್ಟಾಪು. ನಕ್ಷೆಯಲ್ಲಿ ಇದೊಂದೂ ಕಾಣುವುದಿಲ್ಲ.

ಆದ್ದರಿಂದ ಮನೆ ನೋಡಲು ಹೋದವರು ಭಾನುವಾರ ಹೋಗಬೇಡಿ. ಭಾನುವಾರ ಜರ್ಮನಿಯಲ್ಲಿ ಅಂಗಡಿ ಮುಚ್ಚಿರುತ್ತವೆ, ಎಲ್ಲ ಬೀದಿಗಳೂ ಒಂದೇ ಬಗೆಯ ಮೌನದಲ್ಲಿರುತ್ತವೆ. ವಾರದ ನಡುವೆ, ಹಗಲು ಹನ್ನೊಂದು ಗಂಟೆಗೆ ಹೋಗಿ ಆ ಬೀದಿಯಲ್ಲಿ ನಡೆಯಿರಿ. ಮಕ್ಕಳ ಆಟದ ಜಾಗದಲ್ಲಿ ಯಾರಾದರೂ ಇದ್ದಾರೆಯೇ? ನಡೆದು ಹೋಗುವಷ್ಟು ದೂರದಲ್ಲಿ ಬೇಕರಿ, ಗ್ರಂಥಾಲಯ ಇವೆಯೇ? ಹೊಸ ಮಕ್ಕಳನ್ನು ಸೇರಿಸಿಕೊಳ್ಳುವ ಮಕ್ಕಳ ವೈದ್ಯರು ಆ ಊರಿನಲ್ಲಿದ್ದಾರೆಯೇ? ಎಷ್ಟೋ ಕಡೆ ಅವರ ಪಟ್ಟಿ ತುಂಬಿಹೋಗಿರುತ್ತದೆ. ಜರ್ಮನ್ ತರಗತಿ ನಡೆಸುವ ಫೋಕ್ಸ್‌ಹೋಖ್‌ಶೂಲೆ, ಅಂದರೆ ಊರವರೆಲ್ಲರ ಸಂಜೆ ಶಾಲೆಯಂಥ ಸಂಸ್ಥೆ, ಎಷ್ಟು ದೂರ? ಅಲ್ಲಿ ಹಗಲಿನ ತರಗತಿಯೂ ಇದೆಯೇ?

ಈ ಕೊನೆಯ ಪ್ರಶ್ನೆ ಸಂಸಾರದ ಮುಂದಿನ ಹಲವು ವರ್ಷಗಳನ್ನು ತೀರ್ಮಾನಿಸುತ್ತದೆ. ಸಾಫ್ಟ್‌ವೇರ್ ಬಲ್ಲವರಿಗೆ ಇಂಗ್ಲಿಷ್ ಸಾಕಾಗುವ ಕೆಲಸ ಸಿಕ್ಕೀತು. ಬಿ.ಇಡಿ. ಮಾಡಿ ಪಾಠ ಹೇಳಿದಾಕೆಗೆ, ಬ್ಯಾಂಕಿನಲ್ಲಿ ದುಡಿದಾಕೆಗೆ, ವಕೀಲಿಕೆ ಮಾಡಿದಾಕೆಗೆ ಜರ್ಮನ್ ಬಾರದೆ ಬಾಗಿಲೇ ತೆರೆಯುವುದಿಲ್ಲ. ಸರ್ಕಾರದ ಸಾಮಾನ್ಯ ಇಂಟಿಗ್ರೇಷನ್ ಕೋರ್ಸ್‌ನಲ್ಲಿ 600 ಗಂಟೆ ಭಾಷೆ, 100 ಗಂಟೆ ಆ ದೇಶದ ಕಾನೂನು, ಇತಿಹಾಸ, ಬದುಕು. ಅದಕ್ಕೆ ಹೋಗಬೇಕಾದರೆ ಮಗುವನ್ನು ಯಾರಾದರೂ ನೋಡಿಕೊಳ್ಳಬೇಕು. 2013ರ ಆಗಸ್ಟ್‌ನಿಂದ ವರ್ಷ ತುಂಬಿದ ಪ್ರತಿ ಮಗುವಿಗೂ ಜಾಗ ಸಿಗಬೇಕೆಂಬ ಹಕ್ಕು ಕಾನೂನಿನಲ್ಲಿದೆ, ಆದರೆ ಜಾಗ ಶಿಶುವಿಹಾರದಲ್ಲಿಲ್ಲ. ಕಿಟಾ ಎಂದು ಕರೆಯುವ ಈ ಶಿಶುವಿಹಾರಗಳಲ್ಲಿ ನೋಡಿಕೊಳ್ಳುವ ಸಿಬ್ಬಂದಿಯ ಕೊರತೆ, ಹಾಗಾಗಿ ಕಾಯುವ ಪಟ್ಟಿ. ಕಿಟಾ ಇಲ್ಲದಿದ್ದರೆ ತರಗತಿ ಇಲ್ಲ, ತರಗತಿ ಇಲ್ಲದಿದ್ದರೆ ಭಾಷೆ ಇಲ್ಲ, ಭಾಷೆ ಇಲ್ಲದಿದ್ದರೆ ಕೆಲಸವಿಲ್ಲ. ಹತ್ತು ವರ್ಷ ಸಂಬಳ ಎಣಿಸಿದ ಹೆಣ್ಣುಮಗಳೊಬ್ಬಳು ನಲವತ್ತಕ್ಕೆ ಬರುವ ಹೊತ್ತಿಗೆ ತನ್ನ ಕಸುಬು ಕಳೆದುಕೊಂಡಿರುವುದು ಹೀಗೆಯೇ, ಯಾರೂ ಬೇಕೆಂದು ಮಾಡಿದ್ದಲ್ಲ. ಬಾಡಿಗೆ ತಿಂಗಳಿಗೆ ನೂರೈವತ್ತು ಯೂರೋ ಹೆಚ್ಚಾದರೂ ಕಿಟಾ ಸಿಗುವ ಊರೇ ಮೇಲು ಎಂದು ನಾನು ಹೇಳುವುದು ಇದಕ್ಕೇ. ಕೆಲವು ಊರುಗಳು ನೀವು ಹೋಗಿ ನೆಲೆಸುವ ಮೊದಲೇ ಅರ್ಜಿ ತೆಗೆದುಕೊಳ್ಳುತ್ತವೆ. ವೀಸಾಕ್ಕೆ ಕಾಯುವ ದಿನಗಳಲ್ಲೇ ಪುರಸಭೆಗಳಿಗೆ ಪತ್ರ ಬರೆದು ಕೇಳಬಹುದು.

ದೊಡ್ಡ ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಪ್ರಾಥಮಿಕ ಶಾಲೆಯನ್ನು ನಾವು ಆರಿಸುವಂತಿಲ್ಲ. ಮನೆಯ ವಿಳಾಸ ಯಾವ ಶಾಲೆಯ ವ್ಯಾಪ್ತಿಗೆ ಬರುತ್ತದೆಯೋ ಮಗು ಅಲ್ಲಿಗೇ ಸೇರಬೇಕು. ಮನೆಯಲ್ಲೇ ಕೂರಿಸಿ ಕಲಿಸುತ್ತೇವೆಂದರೆ ಆ ದೇಶದಲ್ಲಿ ಕಾನೂನು ಒಪ್ಪುವುದಿಲ್ಲ. ಜರ್ಮನ್ ಬಾರದ ಮಕ್ಕಳಿಗೆಂದು ತಯಾರಿ ತರಗತಿಗಳಿವೆ, ಆದರೆ ಎಲ್ಲ ಶಾಲೆಗಳಲ್ಲೂ ಇಲ್ಲ. ನಾಲ್ಕನೇ ತರಗತಿ ಮುಗಿಯುವಾಗ, ಮಗುವಿಗಿನ್ನೂ ಒಂಬತ್ತೋ ಹತ್ತೋ ವರ್ಷವಿರುವಾಗ, ಯಾವ ಬಗೆಯ ಶಾಲೆಗೆ ಹೋಗಬೇಕೆಂಬುದು ತೀರ್ಮಾನವಾಗುತ್ತದೆ. ನೇರವಾಗಿ ವಿಶ್ವವಿದ್ಯಾಲಯದ ಕಡೆಗೆ ಒಯ್ಯುವುದು ಗಿಮ್ನಾಸಿಯಂ. ಅದಕ್ಕೆ ಸೇರಿಸುವಾಗ ಆ ರಾಜ್ಯದಲ್ಲಿ ಶಿಕ್ಷಕರ ಶಿಫಾರಸು ಮತ್ತು ಪರೀಕ್ಷೆಗೆ ಈಚೆಗೆ ಮತ್ತೆ ತೂಕ ಹೆಚ್ಚಿಸಿದ್ದಾರೆ.

ಐದು ವರ್ಷದ ಮಗು ಆಡುತ್ತಾ ಆಡುತ್ತಾ ಭಾಷೆ ಕಲಿತು ನಾಲ್ಕನೇ ತರಗತಿಯ ಹೊತ್ತಿಗೆ ಉಳಿದವರ ಸಮಕ್ಕೆ ನಿಲ್ಲುತ್ತದೆ. ಎಂಟು ವರ್ಷದ್ದಕ್ಕೆ ಅಷ್ಟು ಕಾಲವಿಲ್ಲ. ಬೆಂಗಳೂರಿನಲ್ಲಿ ಗಣಿತದಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗ ಅಲ್ಲಿ ಲೆಕ್ಕದ ವಾಕ್ಯವೇ ಅರ್ಥವಾಗದೆ ಹಿಂದೆ ಉಳಿಯುತ್ತಾನೆ. ಮುಂದೆ ದಾರಿ ಮುಚ್ಚಿಹೋಗುತ್ತದೆ ಎಂದಲ್ಲ. ರೆಯಾಲ್‌ಶೂಲೆ ಎಂಬ ಇನ್ನೊಂದು ಬಗೆಯ ಶಾಲೆಯಲ್ಲಿ ಹತ್ತನೆಯದು ಮುಗಿಸಿ ಮತ್ತೆ ಗಿಮ್ನಾಸಿಯಂ ಹಿಡಿದು ಎಂಜಿನಿಯರಿಂಗ್ ಓದುವ ಮಕ್ಕಳು ಸಾಕಷ್ಟಿದ್ದಾರೆ. ಅಪ್ಪ ಅಮ್ಮಂದಿರು ಅದನ್ನು ಸೋಲೆಂದು ನೋಡದಿರಬೇಕು ಅಷ್ಟೆ. ಆದರೆ ಎಂಟು ವರ್ಷದ ಮಗುವಿರುವವರು ಬರ್ಲಿನ್ ಮತ್ತು ಸ್ಟುಟ್‌ಗಾರ್ಟ್ ಎರಡೂ ಕಡೆ ಆಫರ್ ಇದ್ದು, ಸಂಬಳದ ಸಣ್ಣ ವ್ಯತ್ಯಾಸ ನೋಡಿ ಸ್ಟುಟ್‌ಗಾರ್ಟ್ ಎಂದರೆ ನಾನು ಇನ್ನೊಮ್ಮೆ ಯೋಚಿಸಿ ಎನ್ನುತ್ತೇನೆ. ಹದಿನಾಲ್ಕರ ಮಕ್ಕಳಿದ್ದರೆ ಇಂಟರ್‌ನ್ಯಾಷನಲ್ ಶಾಲೆಯ ಶುಲ್ಕವನ್ನು ಕಂಪನಿ ಕೊಡುತ್ತದೆಯೇ ಎಂದು ಬರಹದಲ್ಲೇ ಕೇಳಿ, ವರ್ಷಕ್ಕೆ ಹತ್ತು ಸಾವಿರ ಯೂರೋ ದಾಟುವುದು ಸಾಮಾನ್ಯ. ಕೊಡುವುದಿಲ್ಲವೆಂದರೆ ಪಿಯುಸಿ ಮುಗಿಯುವವರೆಗೆ ಪ್ರಯಾಣ ಮುಂದೂಡುವುದೂ ಒಳ್ಳೆಯ ನಿರ್ಧಾರವೇ.

ವಿಳಾಸಕ್ಕೆ ಶಾಲೆ ಅಂಟಿಕೊಂಡಿರುವುದರಿಂದ ಇನ್ನೊಂದು ತೊಡಕಿದೆ, ಹೊಸಬರಿಗೆ ಇದು ಹೊಳೆಯುವುದಿಲ್ಲ. ಮೊದಲ ಮೂರು ತಿಂಗಳಿಗೆ ಕಂಪನಿ ಕೊಡಿಸಿದ ಸಜ್ಜಿತ ಫ್ಲ್ಯಾಟಿನಲ್ಲಿ ಇಳಿಯುತ್ತಾರೆ. ಮನೆ ಹೊಕ್ಕ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಆನ್‌ಮೆಲ್ಡುಂಗ್ ಎನ್ನುತ್ತಾರೆ. ಮಗು ಆ ವಿಳಾಸದ ಶಾಲೆಗೆ ಸೇರುತ್ತದೆ, ಭಯ ಬಿಡುತ್ತದೆ, ಒಬ್ಬ ಗೆಳತಿಯನ್ನು ಮಾಡಿಕೊಳ್ಳುತ್ತದೆ. ಅಷ್ಟರಲ್ಲಿ ಬೇರೆ ಊರಲ್ಲಿ ಮನೆ ಸಿಕ್ಕಿ ಎಲ್ಲವೂ ಮೊದಲಿನಿಂದ ಶುರು. ದೊಡ್ಡವರಿಗೆ ಅದು ಸಾಮಾನು ಸಾಗಿಸುವ ಕೆಲಸ, ಮಗುವಿಗೆ ಎರಡನೇ ವಲಸೆ. ಬಾಡೆನ್-ವುರ್ಟೆಂಬರ್ಗ್‌ನಲ್ಲಿ ಬೇಸಿಗೆ ರಜೆ ಜುಲೈ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ. ದುಡಿಯುವವರು ಮೇ ತಿಂಗಳಲ್ಲಿ ಒಬ್ಬರೇ ಹೋಗಿ ಮನೆ ಹುಡುಕಿ, ಸಂಸಾರ ಆಗಸ್ಟಿನಲ್ಲಿ ನೇರ ಆ ಮನೆಗೇ ಬಂದಿಳಿದರೆ ಮಗುವಿಗೆ ಒಂದೇ ಶಾಲೆ. ಮೂರು ತಿಂಗಳ ಅಗಲಿಕೆ ಕಷ್ಟವೇ, ಆದರೂ ಇದು ಮೇಲು. ಮನೆಯನ್ನು ಮಾತ್ರ ಒಬ್ಬರೇ ಒಪ್ಪಿಕೊಂಡು ಬಿಡಬಾರದು. ವಿಡಿಯೋ ಕಾಲ್‌ನಲ್ಲಿ ಅಡುಗೆಮನೆಯ ಕಿಟಕಿ, ಮೆಟ್ಟಿಲು, ಬಸ್‌ಸ್ಟಾಪಿನವರೆಗಿನ ದಾರಿ ಎಲ್ಲವನ್ನೂ ಇಲ್ಲಿರುವವರು ನೋಡಬೇಕು, ಅವರು ಹೂಂ ಎನ್ನಬೇಕು.

ಮನೆಯ ವಿಷಯದಲ್ಲಿ ಕೆಲವು ಮಾತು. ಅಲ್ಲಿ ಮೂರು ಕೋಣೆಯ ಮನೆ ಎಂದರೆ ಹಾಲ್ ಸೇರಿ ಮೂರು, ಅಂದರೆ ನಮ್ಮ ಟೂ ಬಿಎಚ್‌ಕೆ. ಜಾಹೀರಾತಿನಲ್ಲಿ ಎದ್ದು ಕಾಣುವ ಬಾಡಿಗೆ ‘ಕಾಲ್ಟ್’, ಹೀಟಿಂಗ್, ನೀರು ಮುಂತಾದ ವೆಚ್ಚ ಸೇರಿದ್ದು ‘ವಾರ್ಮ್’. ಠೇವಣಿ ಕಾಲ್ಟ್ ಬಾಡಿಗೆಯ ಮೂರು ತಿಂಗಳಿಗಿಂತ ಹೆಚ್ಚು ಕೇಳುವಂತಿಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇದು ನೆಮ್ಮದಿ. ಅಡುಗೆಮನೆ ಎಷ್ಟೋ ಕಡೆ ಬರೀ ಗೋಡೆ, ಸಿಂಕು ಒಲೆಗಳನ್ನೂ ನಾವೇ ಕೂರಿಸಿಕೊಳ್ಳಬೇಕು. ಒಗ್ಗರಣೆಯ ಘಾಟು, ಕುಕ್ಕರಿನ ಹಬೆ, ಒಳಗೇ ಒಣಹಾಕಿದ ಬಟ್ಟೆ ಸೇರಿ ಚಳಿಗಾಲದಲ್ಲಿ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಅಡುಗೆಮನೆಗೆ ಹೊರಗೆ ತೆರೆಯುವ ಕಿಟಕಿ ಇರುವ ಮನೆಯನ್ನೇ ಹಿಡಿಯಿರಿ. ಸ್ಟುಟ್‌ಗಾರ್ಟ್ ಸೀಮೆಯಲ್ಲಿ ಕೆಹ್ರ್‌ವೊಖೆ ಎಂಬ ರೂಢಿಯಿದೆ. ವಾರಕ್ಕೊಂದು ಮನೆಯವರು ಸರದಿಯ ಮೇಲೆ ಮೆಟ್ಟಿಲು, ಅಂಗಳ ಗುಡಿಸಬೇಕು. ತಮ್ಮ ಸರದಿಯನ್ನು ತಪ್ಪಿಸದ ಹೊಸಬರೊಂದಿಗೆ ಪಕ್ಕದ ಮನೆಯವರು ಮಾತು ಶುರು ಮಾಡುತ್ತಾರೆ.

ನಮ್ಮವರೇ ಹೆಚ್ಚಿರುವ ಬಡಾವಣೆಯಲ್ಲಿ ಇರಬೇಕೇ? ಮೊದಲ ವರ್ಷ ಜ್ವರ ಬಂದಾಗ ಗಂಜಿ ತಂದುಕೊಡುವವರು ಬೇಕು, ಕನ್ನಡದಲ್ಲಿ ಮನಸ್ಸು ಬಿಚ್ಚಲೊಂದು ಮನೆ ಬೇಕು. ರೈಲಿನಲ್ಲಿ ಅರ್ಧ ಗಂಟೆಯ ದೂರದಲ್ಲಿ ಅಂಥ ಎರಡು ಮನೆಗಳಿದ್ದರೆ ಸಾಕು. ಒಂದೇ ಕಟ್ಟಡದಲ್ಲಿ ಎಲ್ಲರೂ ನಮ್ಮವರೇ ಆದರೆ ಜರ್ಮನ್ ಕಲಿಯುವ ಅಗತ್ಯವೇ ಬೀಳುವುದಿಲ್ಲ.

ಅಷ್ಟಕ್ಕೂ ಆ ಸೀಮೆ ಕನ್ನಡಕ್ಕೆ ಪರಕೀಯವಲ್ಲ. ಸ್ಟುಟ್‌ಗಾರ್ಟ್‌ನಿಂದ ಇಪ್ಪತ್ತು ನಿಮಿಷದೊಳಗೆ ತಲುಪುವ ಎಸ್ಲಿಂಗೆನ್ ನೆಕ್ಕಾರ್ ನದಿಯ ದಡದ ಹಳೆಯ ಊರು, ಬೆಟ್ಟದ ಇಳಿಜಾರಿನಲ್ಲಿ ದ್ರಾಕ್ಷಿ ತೋಟಗಳು. ಅಲ್ಲಿಂದ ಎಸ್-1 ರೈಲು ಹತ್ತಿದರೆ ಬದಲಿಸದೆಯೇ ಸಿಂಡೆಲ್‌ಫಿಂಗೆನ್ ಪಕ್ಕದ ಬೋಬ್ಲಿಂಗೆನ್‌ಗೆ ಹೋಗಬಹುದು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಈ ಎಸ್ಲಿಂಗೆನ್‌ನಲ್ಲೇ. 1894ರಲ್ಲಿ ಕನ್ನಡಕ್ಕೆ ನಿಘಂಟು ಕೊಟ್ಟ ಕಿಟೆಲ್ 1903ರಲ್ಲಿ ಕಣ್ಣು ಮುಚ್ಚಿದ್ದು ದಕ್ಷಿಣಕ್ಕಿರುವ ಟ್ಯೂಬಿಂಗೆನ್‌ನಲ್ಲಿ. ಮಕ್ಕಳನ್ನು ಒಂದು ಶನಿವಾರ ಈ ಊರುಗಳಿಗೆ ಕರೆದೊಯ್ದು ಈ ಕಥೆ ಹೇಳುವ ಅವಕಾಶ ಮ್ಯೂನಿಕ್‌ನಲ್ಲಿ ಇಷ್ಟು ಸುಲಭವಾಗಿ ಸಿಗದು.

ಅಪ್ಪ ಅಮ್ಮ ಬಂದು ಇರುವುದನ್ನೂ ಮನೆ ಹಿಡಿಯುವಾಗಲೇ ನೆನೆಯಬೇಕು. ಪ್ರವಾಸಿ ವೀಸಾದಲ್ಲಿ 180 ದಿನಕ್ಕೆ 90 ದಿನ ಇರಬಹುದು. ಸ್ಟುಟ್‌ಗಾರ್ಟ್ ಗುಡ್ಡಗಳ ನಡುವಿನ ಊರು, ನಾನೂರಕ್ಕೂ ಹೆಚ್ಚು ಮೆಟ್ಟಿಲುದಾರಿಗಳಿವೆ. ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇರುವುದು ಕಡಿಮೆ. ಮಂಡಿನೋವಿನ ಅಮ್ಮ ಮೂರನೇ ಮಹಡಿಯಲ್ಲಿ ಮೂರು ತಿಂಗಳು ಕಿಟಕಿಯ ಪಕ್ಕ ಕೂರುವಂತಾಗಬಾರದು.

ಕರಾರಿಗೆ ಸಹಿ ಹಾಕುವ ಮುನ್ನ ಒಂದು ಸಾಲನ್ನು ಹುಡುಕಿ ಓದಿ. ಬಾಡಿಗೆದಾರರು ಸಾಮಾನ್ಯವಾಗಿ ಮೂರು ತಿಂಗಳ ನೋಟಿಸು ಕೊಟ್ಟು ಮನೆ ಬಿಡಬಹುದು. ಕೆಲವು ಕರಾರುಗಳಲ್ಲಿ ಇಷ್ಟು ಕಾಲ ಬಿಡುವಂತಿಲ್ಲ ಎಂಬ ಷರತ್ತಿರುತ್ತದೆ, ನಾಲ್ಕು ವರ್ಷದವರೆಗೂ ಹಾಗೆ ಕಟ್ಟಿಹಾಕಲು ಕಾನೂನಿನಲ್ಲಿ ಅವಕಾಶವಿದೆ. ಒಂದು ವರ್ಷಕ್ಕಿಂತ ಹೆಚ್ಚಿನದಕ್ಕೆ ಒಪ್ಪಬೇಡಿ. ಭಾಷೆ ಕಲಿತ ಹೆಂಡತಿಗೆ ಎರಡನೇ ವರ್ಷದಲ್ಲಿ ಲುಡ್ವಿಗ್ಸ್‌ಬರ್ಗ್‌ನಲ್ಲೋ ಹೈಡೆಲ್‌ಬರ್ಗ್‌ನಲ್ಲೋ ಕೆಲಸ ಸಿಕ್ಕರೆ ಮನೆ ಅತ್ತ ಸರಿಯಬೇಕಾಗುತ್ತದೆ, ಆಗ ದೂರದ ರೈಲು ಹತ್ತುವ ಸರದಿ ಗಂಡನದು.