ಹಾಸ್ಟೆಲ್‌ಗೆ ಹೊರಟ ಮಕ್ಕಳ ಪೆಟ್ಟಿಗೆಯಲ್ಲಿ ಏನಿರಬೇಕು?

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದು ಕಾಲೇಜಿನಲ್ಲಿ ಸೀಟು ಖಚಿತವಾಯಿತೆಂದರೆ ಹೆತ್ತವರ ಮುಂದೆ ಬರುವ ಮುಂದಿನ ಪ್ರಶ್ನೆ ಹಾಸ್ಟೆಲಿನದು. ಮಂಗಳೂರು ಹೊರಊರಿನ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುತ್ತಿರುವುದು ಇಂದು ನಿನ್ನೆಯಿಂದಲ್ಲ. 1868ರಲ್ಲಿ ಇಲ್ಲಿ ಸರಕಾರಿ ಕಾಲೇಜು ಆರಂಭವಾಯಿತು. ಅದೇ ಇಂದು ಹಂಪನಕಟ್ಟೆಯಲ್ಲಿರುವ ವಿಶ್ವವಿದ್ಯಾನಿಲಯ ಕಾಲೇಜು. 1880ರಲ್ಲಿ ಸಂತ ಅಲೋಶಿಯಸ್, 1921ರಲ್ಲಿ ಸಂತ ಆಗ್ನೆಸ್ ಕಾಲೇಜುಗಳು ಬಂದವು. ಬೆಳ್ತಂಗಡಿ, ಸುಳ್ಯ, ಕಾಸರಗೋಡು ಕಡೆಯಿಂದಲೂ, ಘಟ್ಟದ ಮೇಲಿನ ಮೂಡಿಗೆರೆ, ಸಕಲೇಶಪುರ, ಕೊಡಗಿನಿಂದಲೂ ಮಕ್ಕಳು ಇಲ್ಲಿಗೆ ಓದಲು ಬರುತ್ತಾರೆ. ಹಿಂದೆ ತಗಡಿನ ಟ್ರಂಕು ಇತ್ತು, ಈಗ ಚಕ್ರದ ಟ್ರಾಲಿ ಬ್ಯಾಗ್ ಬಂದಿದೆ.

ಬದಲಾದದ್ದು ಪೆಟ್ಟಿಗೆ ಮಾತ್ರವಲ್ಲ, ಖರೀದಿಯ ಪಟ್ಟಿಯೂ ಉದ್ದವಾಗಿದೆ. ಶುಲ್ಕ ಕಟ್ಟಿ ಕೈ ಬರಿದಾದ ಮೇಲೆ, 'ಪಕ್ಕದ ಮನೆಯ ಮಗು ಕೊಂಡುಹೋದಷ್ಟು ನಮ್ಮ ಮಗುವಿಗೂ ಬೇಡವೇ?' ಎಂದು ಸಾಮಾನಿಗಾಗಿಯೇ ಸಾಲ ಮಾಡುವ ಕುಟುಂಬಗಳಿವೆ. ಇದರ ಅಗತ್ಯವಿಲ್ಲ. ಮೊದಲ ಹದಿನೈದು ದಿನಗಳಿಗೆ ಬೇಕಾದಷ್ಟನ್ನು ಮಾತ್ರ ಕಟ್ಟಿ ಕಳುಹಿಸಿ. ಉಳಿದದ್ದನ್ನು ಅಲ್ಲಿದ್ದು ನೋಡಿದ ಮೇಲೆ ಕೊಳ್ಳಬಹುದು.

ಮೊದಲು ವಾರ್ಡನ್‌ರನ್ನು ಕೇಳಿ

ಅಂಗಡಿಗೆ ಹೋಗುವ ಮುನ್ನ ಹಾಸ್ಟೆಲಿಗೆ ಒಂದು ಫೋನ್ ಮಾಡಿ. ಮಂಚ, ಹಾಸಿಗೆ, ಕಪಾಟು ಅವರೇ ಕೊಡುತ್ತಾರೆಯೇ? ಕಪಾಟಿಗೆ ಬೀಗ ನಾವು ತರಬೇಕೇ? ತಟ್ಟೆ, ಲೋಟ ಬೇಕೇ? ಮೊಬೈಲ್ ಇಟ್ಟುಕೊಳ್ಳಲು ಅನುಮತಿ ಇದೆಯೇ? ಬಟ್ಟೆ ಒಗೆಯುವ, ಇಸ್ತ್ರಿ ಹಾಕುವ ವ್ಯವಸ್ಥೆ ಏನು? ಈ ಐದು ಪ್ರಶ್ನೆ ಕೇಳಿದರೆ ಅರ್ಧ ಖರ್ಚು ಉಳಿಯುತ್ತದೆ. ವಿದ್ಯುತ್ ಕೆಟಲ್, ಇಂಡಕ್ಷನ್ ಒಲೆಗಳನ್ನು ಅನೇಕ ಹಾಸ್ಟೆಲುಗಳು ಬಿಡುವುದಿಲ್ಲ. ಕೇಳದೆ ಕೊಂಡುಹೋದರೆ ಅದು ಮೊದಲ ದಿನವೇ ವಾರ್ಡನ್ ಕೊಠಡಿ ಸೇರುತ್ತದೆ.

ಬಕೆಟ್, ಮಗ್, ಹಗ್ಗ, ಬಟ್ಟೆಯ ಕ್ಲಿಪ್, ಚಾಪೆಗಳನ್ನು ಊರಿನಿಂದ ಬಸ್ಸಿನಲ್ಲಿ ಹೊತ್ತು ತರಬೇಕಾಗಿಲ್ಲ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದ ಬಂದರ್, ಹಂಪನಕಟ್ಟೆ, ರಥಬೀದಿಯ ಅಂಗಡಿಗಳಲ್ಲಿ ಎಲ್ಲವೂ ಸಿಗುತ್ತದೆ. ರೈಲಿನಲ್ಲಿ ಬರುವವರು ಒಂದು ವಿಷಯ ಗಮನಿಸಿ: ಮಂಗಳೂರು ಸೆಂಟ್ರಲ್ ಹಂಪನಕಟ್ಟೆಗೆ ಹತ್ತಿರ, ಮಂಗಳೂರು ಜಂಕ್ಷನ್ ಇರುವುದು ಪಡೀಲ್‌ನಲ್ಲಿ. ಸಾಮಾನು ಇಳಿಸುವ ಮುನ್ನ ಯಾವ ನಿಲ್ದಾಣವೆಂದು ನೋಡಿಕೊಳ್ಳಿ.

ಮಳೆಯನ್ನು ಮರೆಯಬೇಡಿ

ಪಿಯು ತರಗತಿಗಳು ಆರಂಭವಾಗುವ ಹೊತ್ತಿಗೇ ಕರಾವಳಿಗೆ ಮಳೆಯೂ ಬರುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ ಸುಮಾರು 3,500ರಿಂದ 4,000 ಮಿಲಿಮೀಟರ್ ಮಳೆಯಾಗುತ್ತದೆ. ಅದರ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಆದ್ದರಿಂದ ಇಲ್ಲಿ ಬಟ್ಟೆಯ ಲೆಕ್ಕವೇ ಬೇರೆ. ದಪ್ಪ ಜೀನ್ಸ್ ಜುಲೈಯಲ್ಲಿ ಮೂರು ದಿನವಾದರೂ ಒಣಗುವುದಿಲ್ಲ. ತೆಳುವಾದ, ಬೇಗ ಒಣಗುವ ಬಟ್ಟೆಗಳು ಆರೇಳು ಜತೆ ಸಾಕು. ಆದರೆ ಒಳ ಉಡುಪು, ಕಾಲುಚೀಲ, ಬೈರಾಸುಗಳನ್ನು ಸ್ವಲ್ಪ ಹೆಚ್ಚೇ ಇಡಿ. ಅರೆ ಒಣಗಿದ ಒಳ ಉಡುಪು ಧರಿಸಿದರೆ ಹುಳಕಡ್ಡಿಯಂತಹ ಚರ್ಮದ ತೊಂದರೆ ಬರುತ್ತದೆ. ನಾಚಿಕೆಯಿಂದ ಮಕ್ಕಳು ಅದನ್ನು ಯಾರಿಗೂ ಹೇಳುವುದಿಲ್ಲ.

ಚರ್ಮದ ಶೂಗೆ ಬೂಷ್ಟು ಹಿಡಿಯುತ್ತದೆ. ಸಮವಸ್ತ್ರಕ್ಕೆ ಶೂ ಕಡ್ಡಾಯವಾದರೆ ಅದರ ಜತೆಗೆ ರಬ್ಬರ್ ಚಪ್ಪಲಿಯೂ ಇರಲಿ. ಗಟ್ಟಿ ಕಡ್ಡಿಯ ಕೊಡೆ ಒಂದು, ಪುಸ್ತಕದ ಚೀಲಕ್ಕೆ ಮಳೆ ಹೊದಿಕೆ ಒಂದು ಅಗತ್ಯ. ಕೊಡೆಯ ಹಿಡಿಯ ಮೇಲೆ ಹೆಸರು ಬರೆಯಿರಿ. ಹಾಸ್ಟೆಲಿನಲ್ಲಿ ಎಲ್ಲ ಕೊಡೆಗಳೂ ಕಪ್ಪೇ.

ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದುಂಟು. ಘಟ್ಟದ ಮೇಲಿನ ಹೆತ್ತವರು 'ಬೇಕಾದರೆ ಬಂದು ಕೊಡೋಣ' ಎಂದು ಔಷಧಿ, ದಾಖಲೆಗಳನ್ನು ಬಿಟ್ಟು ಹೋಗಬಾರದು.

ಸೊಳ್ಳೆ ಮತ್ತು ಔಷಧಿ

ಮಂಗಳೂರು ಬಹುಕಾಲ ಮಲೇರಿಯಾಕ್ಕೆ ಹೆಸರಾಗಿದ್ದ ಊರು. ಈಗ ಪ್ರಕರಣಗಳು ಬಹಳ ಇಳಿದಿದ್ದರೂ ಡೆಂಗ್ಯೂ ಭಯ ಇದ್ದೇ ಇದೆ. ಮಲೇರಿಯಾ ಹರಡುವ ಸೊಳ್ಳೆ ರಾತ್ರಿ ಕಚ್ಚಿದರೆ ಡೆಂಗ್ಯೂ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ. ಸೊಳ್ಳೆ ಪರದೆಯೊಂದಿಗೆ ಮೈಗೆ ಹಚ್ಚುವ ಮುಲಾಮೂ ಇರಲಿ. ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಿ ಮಲಗುವ ಬದಲು ವಾರ್ಡನ್‌ಗೆ ತಿಳಿಸಿ ರಕ್ತಪರೀಕ್ಷೆ ಮಾಡಿಸಿಕೊಳ್ಳಲು ಹೇಳಿ. ಆಸ್ತಮಾ, ಅಲರ್ಜಿ, ಅಪಸ್ಮಾರದಂತಹ ತೊಂದರೆ ಇದ್ದರೆ ಮುಚ್ಚಿಡಬೇಡಿ. ವೈದ್ಯರ ಚೀಟಿಯ ಪ್ರತಿಯನ್ನು ವಾರ್ಡನ್ ಕೈಗೆ ಕೊಡಿ.

ಕಾಗದಪತ್ರ ಮತ್ತು ಹಣ

ಅಂಕಪಟ್ಟಿ, ವರ್ಗಾವಣೆ ಪತ್ರ, ಆಧಾರ್, ವಿದ್ಯಾರ್ಥಿವೇತನಕ್ಕೆ ಬೇಕಾದ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಸಂಸ್ಥೆ ಕೇಳಿದ್ದರೆ ಜ್ಞಾನಸ್ನಾನದ ಪತ್ರ, ಫೋಟೋಗಳು - ಇವೆಲ್ಲದರ ನಕಲು ಪ್ರತಿ ಮಾಡಿಸಿ ನೀರು ನುಗ್ಗದ ಪ್ಲಾಸ್ಟಿಕ್ ಫೈಲಿನಲ್ಲಿಡಿ. ಕೆಲಸ ಮುಗಿದ ಮೂಲಪ್ರತಿಗಳು ಮನೆಗೆ ಹಿಂತಿರುಗಲಿ. ಮನೆಯ, ಸಂಬಂಧಿಕರ, ವಾರ್ಡನ್‌ರ ಫೋನ್ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಡಿ. ಮೊಬೈಲ್ ಕಳೆದುಹೋದ ದಿನ ಅದರ ಬೆಲೆ ತಿಳಿಯುತ್ತದೆ.

10 ವರ್ಷ ದಾಟಿದ ಮಕ್ಕಳು ತಾವೇ ವ್ಯವಹರಿಸುವ ಉಳಿತಾಯ ಖಾತೆ ತೆರೆಯಲು ರಿಸರ್ವ್ ಬ್ಯಾಂಕ್ ಅವಕಾಶ ನೀಡಿದೆ. ಮಿತಿಯನ್ನು ಆಯಾ ಬ್ಯಾಂಕ್ ನಿಗದಿಪಡಿಸುತ್ತದೆ. ಹಣವನ್ನು ತಿಂಗಳಿಗೊಮ್ಮೆ ಒಟ್ಟಾಗಿ ಹಾಕುವ ಬದಲು ಮೊದಲಿಗೆ ವಾರಕ್ಕೊಮ್ಮೆ ಹಾಕಿ. 'ನಿನ್ನ ಖಾತೆಗೆ ಸ್ವಲ್ಪ ಹಣ ಬರುತ್ತದೆ, ತೆಗೆದುಕೊಡು, ಕಮಿಷನ್ ಕೊಡುತ್ತೇವೆ' ಎನ್ನುವವರು ಕಾಲೇಜು ಮಕ್ಕಳನ್ನೇ ಹುಡುಕುತ್ತಾರೆ. ಆ ಹಣ ಮೋಸದ್ದಾದರೆ ಪೊಲೀಸರು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಬಳಿಗೆ. ಹೊರಡುವ ಮುನ್ನ ಇದನ್ನು ಕೂರಿಸಿ ಹೇಳಿ.

ಅಂಗಡಿಯಲ್ಲಿ ಸಿಗದದ್ದು

ಬಟ್ಟೆ ಒಗೆಯುವುದು, ಕಳಚಿದ ಗುಂಡಿ ಹೊಲಿಯುವುದು, ಅಲಾರಂ ಇಟ್ಟು ಏಳುವುದು, ಬಡಿಸಿದ ಊಟ ಉಣ್ಣುವುದು. ಇವನ್ನು ರಜೆಯಲ್ಲಿ ಮನೆಯಲ್ಲೇ ಕಲಿಸಿ. ಮನೆಯಲ್ಲಿ ಬೆಳ್ತಿಗೆ ಅನ್ನ ಉಂಡ ಮಗುವಿಗೆ ಇಲ್ಲಿನ ಕುಚ್ಚಲಕ್ಕಿ ಹೊಸದು. ಒಂದೆರಡು ದಿನ ಅಭ್ಯಾಸ ಮಾಡಿಸಿದರೆ ಒಳ್ಳೆಯದು.

ಕಷ್ಟ ಹೇಳಿಕೊಳ್ಳುವುದನ್ನೂ ಕಲಿಸಬೇಕು. ಪದವಿ ಮತ್ತು ವೃತ್ತಿಪರ ಕಾಲೇಜುಗಳಲ್ಲಿ ರ‍್ಯಾಗಿಂಗ್ ತಡೆಯಲು ಯುಜಿಸಿ 2009ರಲ್ಲಿ ನಿಯಮ ತಂದಿದೆ. ದೂರು ನೀಡಲು 1800-180-5522. 18 ವರ್ಷದೊಳಗಿನವರಿಗೆ ಮಕ್ಕಳ ಸಹಾಯವಾಣಿ 1098. ಮನಸ್ಸಿನ ಬೇಗುದಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ 14416. ಈ ಮೂರನ್ನೂ ಚೀಟಿಯಲ್ಲಿ ಸೇರಿಸಿ. ಮೊದಲ ವಾರ ಮಗು ಫೋನಿನಲ್ಲಿ ಅತ್ತರೆ ಕೂಡಲೇ ಕರೆತರಬೇಡಿ, ಗದರಿಸಲೂ ಬೇಡಿ. ಊಟ, ನಿದ್ರೆ, ಗೆಳೆತನ ಹೇಗಿದೆ ಎಂದು ಕೇಳಿ. ಮೂರು ವಾರ ಕಳೆದರೂ ಅಳು ನಿಲ್ಲದಿದ್ದರೆ ಖುದ್ದಾಗಿ ಹೋಗಿ ನೋಡಿ.

ಧರ್ಮಕೇಂದ್ರ ಏನು ಮಾಡಬಹುದು?

ಓದು ಮುಗಿಸಿದ ಮಕ್ಕಳು ಬಕೆಟ್, ಹಾಸಿಗೆ, ಟೇಬಲ್ ಲ್ಯಾಂಪ್, ಪಠ್ಯಪುಸ್ತಕಗಳನ್ನು ಬಿಟ್ಟು ಹೋಗುತ್ತಾರೆ. ಐಸಿವೈಎಂ, ವೈಸಿಎಸ್ ಸದಸ್ಯರು ಏಪ್ರಿಲ್, ಮೇ ತಿಂಗಳಲ್ಲಿ ಇವನ್ನು ಸಂಗ್ರಹಿಸಿ, ತೊಳೆದು, ಸಭಾಭವನದಲ್ಲಿಟ್ಟು ಹೊಸಬರಿಗೆ ಕೊಡಬಹುದು. ಬಡವರಿಗೆ ಮಾತ್ರವೆಂದು ಫಲಕ ಹಾಕಿದರೆ ಬೇಕಾದವರೇ ಬರುವುದಿಲ್ಲ. ಎಲ್ಲರಿಗೂ ತೆರೆದಿಡಿ. ತೀರಾ ಕಷ್ಟದಲ್ಲಿರುವ ಕುಟುಂಬ ಯಾವುದೆಂದು ವಾಳೆಯ ಗುರಿಕಾರರಿಗೆ ಗೊತ್ತಿರುತ್ತದೆ. ಅವರಿಗೆ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಸದ್ದಿಲ್ಲದೆ ನೆರವಾಗಬಹುದು. ನಗರದ ಧರ್ಮಕೇಂದ್ರಗಳು ಹತ್ತಿರದ ಹಾಸ್ಟೆಲಿನ ಒಂದಿಬ್ಬರು ಮಕ್ಕಳನ್ನು ಭಾನುವಾರದ ಪೂಜೆಯ ಬಳಿಕ ಮನೆಯೂಟಕ್ಕೆ ಕರೆಯುವ ಕುಟುಂಬಗಳ ಪಟ್ಟಿ ಮಾಡಲಿ. ವಾರ್ಡನ್‌ರ ಒಪ್ಪಿಗೆ ಪಡೆದೇ ಇದು ನಡೆಯಬೇಕು.

ಈ ವರ್ಷ ಮನೆಯ ಹೊಸ್ತಿಲು ದಾಟಿ ಹೊರಡುವ ಎಲ್ಲ ಮಕ್ಕಳಿಗೂ ಶುಭವಾಗಲಿ. ಪೆಟ್ಟಿಗೆ ಹಗುರವಾಗಿರಲಿ.